ರಾಸಾಯನಿಕ ಅಸ್ತ್ರಗಳ ದಾಸ್ತಾನು: ಪಕ್ಕದಲ್ಲಿ ಬದುಕುವವರಿಗೆ ಏನು ತಿಳಿದಿರಬೇಕು?

ಪ್ರಶ್ನೆ: ಅಮೆರಿಕದ ಕೆಂಟಕಿಯಲ್ಲಿ ಕೊನೆಯ ರಾಸಾಯನಿಕ ರಾಕೆಟ್ಟನ್ನು 2023ರಲ್ಲಿ ನಾಶಪಡಿಸಿದರೆಂದು ಓದಿದೆ. ಅಷ್ಟು ದಶಕಗಳ ಕಾಲ ಊರಿನ ಪಕ್ಕದಲ್ಲೇ ಇಟ್ಟುಕೊಂಡಿದ್ದ ಈ ಅಸ್ತ್ರಗಳು ಸುರಕ್ಷಿತವಾಗಿದ್ದವೆ? ಇಂಥ ವಿಷಯವನ್ನು ಜನಸಾಮಾನ್ಯರಿಗೆ ತಿಳಿಸಿದರೆ ಭಯ ಹೆಚ್ಚುವುದಿಲ್ಲವೆ? (ಓದುಗರೊಬ್ಬರು, ಧಾರವಾಡ)

ಉತ್ತರ: ನೀವು ಓದಿದ ಸುದ್ದಿ ರಿಚ್ಮಂಡ್ ಪಟ್ಟಣದ ಹತ್ತಿರವಿರುವ ಬ್ಲೂ ಗ್ರಾಸ್ ಸೇನಾ ಉಗ್ರಾಣಕ್ಕೆ ಸಂಬಂಧಿಸಿದ್ದು. ಅಲ್ಲಿ ಚರ್ಮದ ಮೇಲೆ ಬೊಕ್ಕೆಯೇಳಿಸುವ ಮಸ್ಟರ್ಡ್ ಎಂಬ ವಿಷ, ನರಗಳನ್ನು ಕೆಡಿಸುವ ಸಾರಿನ್ ಮತ್ತು ವಿಎಕ್ಸ್ ಎಂಬ ವಿಷಗಳನ್ನು ತುಂಬಿದ ಒಂದು ಲಕ್ಷಕ್ಕೂ ಹೆಚ್ಚು ಶೆಲ್ ಹಾಗೂ ರಾಕೆಟ್‌ಗಳಿದ್ದವು. ಸಾರಿನ್ ತುಂಬಿದ್ದ ಕೊನೆಯ ಎಂ-55 ರಾಕೆಟ್ 2023ರ ಜುಲೈ 7ರಂದು ನಾಶವಾದಾಗ, ಜಗತ್ತಿನ ರಾಷ್ಟ್ರಗಳು ಅಧಿಕೃತವಾಗಿ ಘೋಷಿಸಿಕೊಂಡಿದ್ದ ಸುಮಾರು 72,000 ಟನ್ ರಾಸಾಯನಿಕ ಅಸ್ತ್ರಗಳ ದಾಸ್ತಾನು ಪೂರ್ತಿಯಾಗಿ ಮುಗಿಯಿತು.

ಸುರಕ್ಷಿತವಾಗಿದ್ದವೆ ಎಂಬುದಕ್ಕೆ ಒಂದೇ ಉತ್ತರವಿಲ್ಲ, ಏಕೆಂದರೆ ಅಮೆರಿಕದ ಬೇರೆ ಬೇರೆ ಉಗ್ರಾಣಗಳ ದಾಸ್ತಾನಿನಲ್ಲಿದ್ದ ವಸ್ತುಗಳೆಲ್ಲ ಒಂದೇ ಬಗೆಯವಲ್ಲ. ದಪ್ಪ ಉಕ್ಕಿನ ದೊಡ್ಡ ಪೀಪಾಯಿಗಳಲ್ಲಿ ತುಂಬಿಟ್ಟ ಮಸ್ಟರ್ಡ್ ಎಷ್ಟೇ ಘೋರವಾದ ವಿಷವಾಗಿದ್ದರೂ ಅದರ ಜೊತೆಯಲ್ಲಿ ಸ್ಫೋಟಕವಿರುವುದಿಲ್ಲ. ಸುಮಾರು 14 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಬೇಗ ಆವಿಯಾಗಿ ಹರಡುವುದೂ ಇಲ್ಲ. ಎಂ-55 ರಾಕೆಟ್‌ನ ಕತೆ ಬೇರೆ. 1960ರ ದಶಕದ ಮೊದಲ ಭಾಗದಲ್ಲಿ ತಯಾರಾದ ಈ ರಾಕೆಟ್‌ನಲ್ಲಿ ನರವಿಷ, ಅದನ್ನು ಚದುರಿಸುವ ಸಿಡಿಮದ್ದು ಮತ್ತು ರಾಕೆಟ್ಟನ್ನು ಹಾರಿಸುವ ಇಂಧನ ಮೂರೂ ಒಟ್ಟಿಗೇ ಇದ್ದವು. ಕಾಲ ಕಳೆದಂತೆ ಸಾರಿನ್ ತನ್ನನ್ನು ಹಿಡಿದಿಟ್ಟ ಅಲ್ಯೂಮಿನಿಯಂ ಕವಚವನ್ನೇ ತಿನ್ನತೊಡಗಿ ಹಲವು ರಾಕೆಟ್‌ಗಳು ಸೋರಿದವು. ಇಂಧನವು ತಾನಾಗಿ ಹೊತ್ತಿಕೊಳ್ಳದಂತೆ ತಡೆಯಲು ಬೆರೆಸಿದ್ದ ಸ್ಥಿರಕಾರಿ ಪದಾರ್ಥವೂ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿತ್ತು. ಬೀಗ ಹಾಕಿ ಮುಟ್ಟದೆ ಇಟ್ಟರೆ ಸಾಕು ಎಂಬ ನಂಬಿಕೆ ಇಂಥ ಅಸ್ತ್ರಗಳ ಮಟ್ಟಿಗೆ ಅಪಾಯಕಾರಿ.

ಆದ್ದರಿಂದ ಅವುಗಳ ಸಂಗ್ರಹಣೆ ನಿತ್ಯದ ಕೆಲಸವಾಗಿತ್ತು. ಮೇಲೆ ಮಣ್ಣು ಹೊದಿಸಿದ, ಸಿಡಿಲು ರಕ್ಷಣೆಯಿರುವ ಕಾಂಕ್ರೀಟ್ ಕಟ್ಟಡಗಳಲ್ಲಿ ಅವನ್ನು ಇಡಲಾಗುತ್ತಿತ್ತು. ಒಳಗಿನ ಗಾಳಿಯಲ್ಲಿ ವಿಷದ ಅಂಶವಿದೆಯೇ ಎಂದು ಉಪಕರಣಗಳಿಂದ ಪರೀಕ್ಷಿಸಿದ ನಂತರವೇ ಸಿಬ್ಬಂದಿ ಬಾಗಿಲು ದಾಟುತ್ತಿದ್ದರು. ಸೋರುವ ರಾಕೆಟ್ ಸಿಕ್ಕರೆ ಅದನ್ನು ಗಾಳಿಯಾಡದ ಮತ್ತೊಂದು ಉಕ್ಕಿನ ಕೊಳವೆಯೊಳಗೆ ಮುಚ್ಚಿ ಪ್ರತ್ಯೇಕವಾಗಿ ಇಡುತ್ತಿದ್ದರು. ಈ ಎಲ್ಲ ಎಚ್ಚರಿಕೆ ಅಪಾಯವನ್ನು ಮುಂದೂಡಬಲ್ಲದೇ ಹೊರತು ಇಲ್ಲವಾಗಿಸಲಾರದು. ನಿಜವಾದ ಸುರಕ್ಷೆ ನಾಶಪಡಿಸುವುದರಲ್ಲೇ ಇತ್ತು.

ಇನ್ನು ಭಯದ ಮಾತು. ಮುಚ್ಚಿಟ್ಟಾಗ ಏನಾಗುತ್ತದೆ ಎಂಬುದನ್ನು 1943ರ ಡಿಸೆಂಬರ್ 2ರ ರಾತ್ರಿ ಇಟಲಿಯ ಬಾರಿ ಬಂದರು ಕಂಡಿತು. ಜರ್ಮನ್ ವಿಮಾನಗಳು ದಾಳಿ ಮಾಡಿದಾಗ ಮುಳುಗಿದ ಹಡಗುಗಳಲ್ಲಿ ಜಾನ್ ಹಾರ್ವೆ ಎಂಬ ಅಮೆರಿಕದ ಹಡಗೂ ಇತ್ತು. ಅದರಲ್ಲಿ ಮಸ್ಟರ್ಡ್ ಬಾಂಬುಗಳಿದ್ದ ಸಂಗತಿಯನ್ನು ಗುಟ್ಟಾಗಿಡಲಾಗಿತ್ತು. ನೀರಿನಿಂದ ಮೇಲೆತ್ತಿದ ನಾವಿಕರನ್ನು ಎಣ್ಣೆಯಲ್ಲಿ ನೆನೆದ ಬಟ್ಟೆಯಲ್ಲಿಯೇ ಕಂಬಳಿ ಹೊದಿಸಿ ಮಲಗಿಸಿದರು, ಏಕೆಂದರೆ ಆ ಎಣ್ಣೆಯಲ್ಲಿ ಮಸ್ಟರ್ಡ್ ಬೆರೆತಿದೆಯೆಂದು ವೈದ್ಯರಿಗೆ ಯಾರೂ ಹೇಳಿರಲಿಲ್ಲ. ಮಸ್ಟರ್ಡ್ ತಗುಲಿದ ತಕ್ಷಣ ಉರಿಯುವುದಿಲ್ಲ, ಗಂಟೆಗಳ ನಂತರ ಚರ್ಮ ಬೊಕ್ಕೆಯೇಳುತ್ತದೆ, ಕಣ್ಣು ಮುಚ್ಚಿಹೋಗುತ್ತದೆ. ಆಸ್ಪತ್ರೆ ಸೇರಿದವರಲ್ಲಿ 600ಕ್ಕೂ ಹೆಚ್ಚು ಮಂದಿಗೆ ಅದರ ಗಾಯಗಳಾಗಿದ್ದವು, 80ಕ್ಕೂ ಹೆಚ್ಚು ಮಂದಿ ಸತ್ತರು. ಬಟ್ಟೆ ಬಿಚ್ಚಿಸಿ ಮೈ ತೊಳೆದಿದ್ದರೆ ಇವರಲ್ಲಿ ಅನೇಕರು ಉಳಿಯುತ್ತಿದ್ದರು; ಅಷ್ಟು ಸರಳವಾದ ಕೆಲಸಕ್ಕೂ ಅಡ್ಡಿಯಾದದ್ದು ಆ ಗುಟ್ಟು.

ಅಮೆರಿಕ 1988ರಲ್ಲಿ ತನ್ನ ಉಗ್ರಾಣಗಳ ಸುತ್ತಲಿನ ಊರುಗಳಿಗಾಗಿ ತುರ್ತು ಸಿದ್ಧತೆಯ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಊರೂರಿಗೆ ಸೈರನ್‌ಗಳು ಬಂದವು, ಮನೆಮನೆಗೆ ಎಚ್ಚರಿಕೆಯ ರೇಡಿಯೊಗಳು ಬಂದವು, ಪ್ರತಿವರ್ಷ ಅಣಕು ಕಾರ್ಯಾಚರಣೆಗಳು ನಡೆದವು. ಉಗ್ರಾಣದಿಂದ ಎಷ್ಟು ದೂರದಲ್ಲಿರುವವರು ಏನು ಮಾಡಬೇಕೆಂದು ವಲಯವಾರು ತಿಳಿಸಲಾಯಿತು. ಇದರಲ್ಲಿ ಒಂದು ಸೂಚನೆಯನ್ನು ಮಾತ್ರ ಇಲ್ಲಿ ವಿವರಿಸುತ್ತೇನೆ, ಏಕೆಂದರೆ ಅದನ್ನು ಅರ್ಧಕ್ಕೆ ಕಲಿತರೆ ಅಪಾಯ. ವಿಷದ ಮೋಡ ಬರುವ ಮೊದಲು ಊರು ಬಿಡಲು ಸಮಯವಿಲ್ಲದಿದ್ದರೆ ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ಮತ್ತು ಎ.ಸಿ. ನಿಲ್ಲಿಸಿ, ಒಂದು ಕೋಣೆಯ ಸಂದುಗಳನ್ನು ಪ್ಲಾಸ್ಟಿಕ್ ಹಾಳೆ ಮತ್ತು ಟೇಪಿನಿಂದ ಮುಚ್ಚಿಕೊಂಡು ಒಳಗಿರಬೇಕು. ಯಾವ ಕೋಣೆಯೂ ಪೂರ್ತಿ ಗಾಳಿಯಾಡದಂತೆ ಇರುವುದಿಲ್ಲವಾದ್ದರಿಂದ ವಿಷ ನಿಧಾನವಾಗಿ ಒಳಗೆ ಬರುತ್ತದೆ. ಮೋಡ ಸರಿದುಹೋದ ಮೇಲೆ ಹೊರಗಿನ ಗಾಳಿಯೇ ಒಳಗಿನದಕ್ಕಿಂತ ಶುದ್ಧವಾಗಿರುತ್ತದೆ. ಆಗ ಅಧಿಕಾರಿಗಳ ಸೂಚನೆ ಬಂದ ತಕ್ಷಣ ಕಿಟಕಿ ಬಾಗಿಲು ತೆರೆದು ಹೊರಬರಬೇಕು. ಮುಚ್ಚಿಕೊಳ್ಳುವುದನ್ನು ಕಲಿತು ತೆರೆಯುವುದನ್ನು ಕಲಿಯದವರು ಒಳಗೇ ತೊಂದರೆಗೆ ಒಳಗಾಗುತ್ತಾರೆ.

ತಿಳಿದ ಜನ ಪ್ರಶ್ನೆಗಳನ್ನೂ ಕೇಳಿದರು. ರಾಕೆಟ್‌ಗಳನ್ನು ಬ್ಲೂ ಗ್ರಾಸ್‌ನಲ್ಲೇ ಸುಟ್ಟುಹಾಕುವ ಯೋಜನೆಯನ್ನು ಸೇನೆ 1984ರಲ್ಲಿ ಮುಂದಿಟ್ಟಾಗ ಸುತ್ತಲಿನವರು ವಿರೋಧಿಸಿದರು. ಅವರಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಕ್ರೇಗ್ ವಿಲಿಯಮ್ಸ್ ಮುಂಚೂಣಿಯಲ್ಲಿದ್ದರು, ಅವರಿಗೆ 2006ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಜನರ ಒತ್ತಡದಿಂದಾಗಿ ಕೆಂಟಕಿಯ ಬ್ಲೂ ಗ್ರಾಸ್ ಮತ್ತು ಕೊಲರಾಡೊದ ಪ್ಯೂಬ್ಲೊ ಉಗ್ರಾಣಗಳಲ್ಲಿ ಸುಡುವ ಬದಲು ಮುಖ್ಯವಾಗಿ ರಾಸಾಯನಿಕ ಕ್ರಿಯೆಯಿಂದ ವಿಷವನ್ನು ವಿಘಟಿಸುವ ವಿಧಾನ ಬಂತು. ಇದಕ್ಕೆ ತೆತ್ತ ಬೆಲೆಯೂ ದೊಡ್ಡದು: ಬ್ಲೂ ಗ್ರಾಸ್‌ನಲ್ಲಿ ನಾಶದ ಕೆಲಸ ಆರಂಭವಾದದ್ದು 2019ರಲ್ಲಿ, ಅಲ್ಲಿಯವರೆಗೆ ಮುಪ್ಪಾದ ರಾಕೆಟ್‌ಗಳು ಅಲ್ಲೇ ಇದ್ದವು. ಆರಂಭದಲ್ಲೇ ಸೇನೆ ತನ್ನ ಲೆಕ್ಕಾಚಾರವನ್ನು ಊರಿನವರ ಮುಂದೆ ಬಿಚ್ಚಿಟ್ಟಿದ್ದರೆ ಇಷ್ಟು ವಿಳಂಬವಾಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಇವನ್ನೆಲ್ಲ ಸಮುದ್ರದಲ್ಲಿ ಮುಳುಗಿಸಿಬಿಡಬಹುದಿತ್ತಲ್ಲವೆ? (ಓದುಗರೊಬ್ಬರು, ಹಾಸನ)

ಉತ್ತರ: ಹಾಗೆ ಮಾಡಿದ್ದರ ಫಲವನ್ನು ಬಾಲ್ಟಿಕ್ ಸಮುದ್ರದ ಮೀನುಗಾರರು ಇಂದಿಗೂ ಅನುಭವಿಸುತ್ತಿದ್ದಾರೆ. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ರಾಸಾಯನಿಕ ಅಸ್ತ್ರಗಳನ್ನು ಬೋರ್ನ್‌ಹೋಮ್ ದ್ವೀಪದ ಬಳಿ ಮುಳುಗಿಸಲಾಯಿತು. ತಣ್ಣನೆಯ ನೀರಿನಲ್ಲಿ ಮಸ್ಟರ್ಡ್ ಕರಗದೆ, ಹೊರಗೆ ಗಟ್ಟಿಪದರ ಕಟ್ಟಿಕೊಂಡ ಮುದ್ದೆಯಾಗಿ ದಶಕಗಟ್ಟಲೆ ಉಳಿಯುತ್ತದೆ, ಬಲೆಗೆ ಸಿಕ್ಕಿ ಮೇಲೆ ಬಂದಾಗ ಮುಟ್ಟಿದವರ ಕೈ ಬೊಕ್ಕೆಯೇಳುತ್ತದೆ. 1997ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಒಪ್ಪಂದವು ನೀರಿಗೆಸೆಯುವುದು, ಹೂಳುವುದು, ಬಯಲಲ್ಲಿ ಸುಡುವುದು ಈ ಮೂರನ್ನೂ ನಿಷೇಧಿಸಿದೆ.

ಪ್ರಶ್ನೆ: ಭಾರತದಲ್ಲಿ ಇಂಥ ದಾಸ್ತಾನು ಇತ್ತೆ? ನಮಗೆ ಈ ತಿಳಿವಳಿಕೆಯ ಅಗತ್ಯವೇನು? (ಓದುಗರೊಬ್ಬರು, ಸುರತ್ಕಲ್)

ಉತ್ತರ: ಇತ್ತು. ಭಾರತ 1997ರಲ್ಲಿ ಸಾವಿರ ಟನ್‌ಗಿಂತ ಸ್ವಲ್ಪ ಹೆಚ್ಚಿನ ಮಸ್ಟರ್ಡ್ ದಾಸ್ತಾನನ್ನು ಘೋಷಿಸಿಕೊಂಡು, 2009ರಲ್ಲಿ ಅಂತರರಾಷ್ಟ್ರೀಯ ಪರಿಶೀಲಕರ ಸಮ್ಮುಖದಲ್ಲಿ ಪೂರ್ತಿಯಾಗಿ ನಾಶಪಡಿಸಿತು.

ಆದರೆ ನಿಮ್ಮ ಊರಿನವರಿಗೆ ಈ ವಿಷಯ ಹತ್ತಿರದ್ದು. ಪಣಂಬೂರು ಮತ್ತು ಬೈಕಂಪಾಡಿ ಭಾಗದ ಕೈಗಾರಿಕೆಗಳು ಬಳಸುವ ರಾಸಾಯನಿಕಗಳು ಅಸ್ತ್ರಗಳಲ್ಲ, ದಿನನಿತ್ಯದ ಉತ್ಪಾದನೆಗೆ ಬೇಕಾದವು. ಆದರೆ ಅವು ಸೋರಿದಾಗ ನೆರೆಯವರಿಗೆ ಬೇಕಾಗುವ ತಿಳಿವಳಿಕೆ ಅದೇ ಬಗೆಯದು. 1984ರಲ್ಲಿ ಭೋಪಾಲದ ಜನರಿಗೆ ಸೋರಿದ್ದು ಏನು, ಯಾವ ಕಡೆಗೆ ಹೋಗಬೇಕು ಎಂಬುದು ತಿಳಿದಿರಲಿಲ್ಲ. ಆ ದುರಂತದ ನಂತರ ನಮ್ಮಲ್ಲಿ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಪ್ರಕಾರ, ಭಾರಿ ಅಪಘಾತದ ಸಾಧ್ಯತೆಯಿರುವ ಘಟಕವು ತನ್ನಿಂದ ಆಗಬಹುದಾದ ಅಪಾಯವೇನು, ಆಗ ಮಾಡಬೇಕಾದ್ದೇನು ಎಂಬುದನ್ನು ಸುತ್ತಲಿನ ನಿವಾಸಿಗಳಿಗೆ ತಿಳಿಸಲೇಬೇಕು. ಘಟಕದ ಹೊರಗಿನ ತುರ್ತು ಯೋಜನೆಯ ತಾಲೀಮು ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ರಾಸಾಯನಿಕ ಅಪಘಾತಗಳ ಕುರಿತ 1996ರ ನಿಯಮಗಳು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಸಮಿತಿಯನ್ನೂ ಅದರ ಕೆಳಗೆ ಸ್ಥಳೀಯ ಸಮಿತಿಗಳನ್ನೂ ರಚಿಸಬೇಕೆನ್ನುತ್ತವೆ.

ಜಿಲ್ಲಾಧಿಕಾರಿ ಕಚೇರಿಗೆ ಬರೆದು ಕೇಳಿ: ನಮ್ಮ ಮನೆಯ ಸುತ್ತಲಿನ ಘಟಕಗಳಲ್ಲಿರುವ ಅಪಾಯಕಾರಿ ವಸ್ತು ಯಾವುದು, ಎಚ್ಚರಿಕೆಯ ಸೈರನ್ ಹೇಗಿರುತ್ತದೆ, ಅಪಾಯ ಮುಗಿದದ್ದನ್ನು ಹೇಗೆ ತಿಳಿಸುತ್ತೀರಿ, ಹಿಂದಿನ ತಾಲೀಮು ಯಾವಾಗ ನಡೆಯಿತು. ವಸ್ತುವಿನ ಹೆಸರು ತಿಳಿಯುವುದು ಮುಖ್ಯ, ಏಕೆಂದರೆ ಅಮೋನಿಯಾ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮೂಗಿಗೆ ಒದ್ದೆ ಬಟ್ಟೆ ಹಿಡಿದು ಗಾಳಿಗೆ ಅಡ್ಡಲಾಗಿ ದೂರ ಸರಿಯುವುದು ಉಪಯುಕ್ತ. ಗಾಳಿಗಿಂತ ಭಾರವಾದ ಕ್ಲೋರಿನ್ ತಗ್ಗಿನಲ್ಲಿ ನಿಲ್ಲುವುದರಿಂದ ಎತ್ತರದ ಜಾಗಕ್ಕೆ ಹೋಗಬೇಕು. ಉತ್ತರ ಬಂದ ಮೇಲೆ ಅದನ್ನು ನೆರೆಹೊರೆಯವರಿಗೂ ಹತ್ತಿರದ ಶಾಲೆ ಮತ್ತು ಅಂಗನವಾಡಿಯವರಿಗೂ ತಲುಪಿಸಿ. ಕಚೇರಿಯಿಂದ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.