ಐದನೆಯ ಕೂಸನ್ನು ಯಾರ ಕೈಗೆ ಕೊಡೋಣ?

ನಮಸ್ಕಾರ. ಡೇಕೇರ್‌ಗಳಿಗೆ ಸರ್ಕಾರ ದುಡ್ಡು ಕೊಡಬೇಕು ಎಂದು ನಾವು ಬರೆದಿದ್ದಕ್ಕೆ ನೀವು ಕೇಳಿದ್ದೀರಿ: "ನಮ್ಮ ಮಕ್ಕಳನ್ನು ನಾವೇ ಸಾಕಿದೆವು. ಬೇರೆಯವರ ಮಕ್ಕಳಿಗೆ ನನ್ನ ತೆರಿಗೆ ದುಡ್ಡು ಯಾಕೆ? ಬೇಕು ಅನ್ನುವವರು ಜಾಸ್ತಿಯಾದರೆ ಕಡಿಮೆ ದರದ ಡೇಕೇರ್ ತಾನಾಗಿಯೇ ಬರುವುದಿಲ್ಲವೇ?"

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಗಂಟು ಇರುವುದೇ ಅಲ್ಲಿ.

ಒಂದು ಕೋಣೆ, ಒಬ್ಬ ಆಯಾ, ನಾಲ್ಕು ಕೂಸುಗಳು. ಒಂದು ತೊಡೆಯ ಮೇಲೆ ಹಾಲು ಕುಡಿಯುತ್ತಿದೆ. ಇನ್ನೊಂದು ಒದ್ದೆ ಮಾಡಿಕೊಂಡು ಅಳುತ್ತಿದೆ. ಮೂರನೆಯದು ಅಂಬೆಗಾಲಿಟ್ಟು ಬಾಗಿಲ ಕಡೆ ಹೊರಟಿದೆ. ನಾಲ್ಕನೆಯದು ಈಗಷ್ಟೇ ಕಣ್ಣು ಮುಚ್ಚಿದೆ. ಆಕೆಯ ಕೈಗೆ ಐದನೆಯದನ್ನು ಕೊಡ್ತೀರಾ? ಯಂತ್ರ ಬಂದರೆ ಕಾರ್ಖಾನೆಯಲ್ಲಿ ಒಬ್ಬರೇ ಹತ್ತು ಜನರ ಕೆಲಸ ಮಾಡಬಹುದು. ಕೂಸು ಎತ್ತಿಕೊಳ್ಳುವ ಕೆಲಸದಲ್ಲಿ ಅದು ಆಗದು. ಆಕೆಯ ಸಂಬಳವನ್ನು ನಾಲ್ಕೇ ಮನೆಗಳು ಹೊರಬೇಕು, ಅದರ ಮೇಲೆ ಬಾಡಿಗೆ ಬೇರೆ. ಶುಲ್ಕ ಇಳಿಸಬೇಕೆಂದರೆ ಆಕೆಯ ಸಂಬಳಕ್ಕೆ ಕತ್ತರಿ ಹಾಕಬೇಕು, ಇಲ್ಲವೇ ಮಕ್ಕಳನ್ನು ತುಂಬಬೇಕು. ಎರಡೂ ಬೇಡ ಅಂದರೆ ಉಳಿದದ್ದನ್ನು ಎಲ್ಲರೂ ಸೇರಿ ಕೊಡಬೇಕು.

ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ಅದನ್ನೇ ಶುರು ಮಾಡಿತು. ಆಗ ಹೆತ್ತವರು ದಿನಕ್ಕೆ 5 ಡಾಲರ್ ಕೊಟ್ಟರೆ ಸಾಕಿತ್ತು, ಮಿಕ್ಕಿದ್ದು ಸರ್ಕಾರದ್ದು. ಪುಟ್ಟ ಮಕ್ಕಳಿರುವ ತಾಯಂದಿರು ಕೆಲಸಕ್ಕೆ ಹೋಗುವುದು ಅಲ್ಲಿ ತುಂಬಾ ಹೆಚ್ಚಿತು. ಅವರ ಸಂಬಳದಿಂದ ತೆರಿಗೆಯೂ ಬಂತು. ಆದರೆ ಸೀಟಿಗಾಗಿ ಕಾಯುವವರ ಪಟ್ಟಿ ಉದ್ದವಾಯಿತು, ಎಲ್ಲ ಕೇಂದ್ರಗಳೂ ಒಂದೇ ಮಟ್ಟದಲ್ಲಿ ಇರಲಿಲ್ಲ. ಜರ್ಮನಿ 2013ರಲ್ಲಿ ವರ್ಷ ತುಂಬಿದ ಪ್ರತಿ ಮಗುವಿಗೂ ಡೇಕೇರ್ ಸೀಟು ಹಕ್ಕು ಎಂದಿತು. ಅಲ್ಲೂ ಸಿಬ್ಬಂದಿ ಸಾಲುತ್ತಿಲ್ಲ. ಶುಲ್ಕ ಇಳಿಸಿದರಷ್ಟೇ ಸಾಲದು, ತರಬೇತಿ ಪಡೆದ ಕೈಗಳೂ ಬೇಕು.

ಇನ್ನು "ನಾವೇ ಸಾಕಿದೆವು" ಎಂಬ ಮಾತು. ಎಷ್ಟೋ ಮನೆಗಳಲ್ಲಿ ಆ "ನಾವು" ಎಂದರೆ ಕೆಲಸ ಬಿಟ್ಟು ಕೂತ ತಾಯಿ, ಇಲ್ಲವೇ ಮನೆಯಲ್ಲಿದ್ದ ಅಜ್ಜಿ. ಅವರ ದುಡಿಮೆಗೆ ಯಾರೂ ಲೆಕ್ಕ ಇಡಲಿಲ್ಲ, ಅಷ್ಟೇ. ಆರು ವರ್ಷದ ಮಗುವಿನ ಶಾಲೆಗೆ ನಾವೆಲ್ಲ ತೆರಿಗೆ ಕಟ್ಟುತ್ತೇವೆ, ಯಾಕೆ ಅಂತ ಕೇಳುವುದಿಲ್ಲ. ಎರಡು ವರ್ಷದ ಮಗು ಬಂದಾಗ ಮಾತ್ರ ಕೇಳುತ್ತೇವೆ, ಅಲ್ವಾ?

ದುಡ್ಡು ನಡುವೆ ಸೋರಿಹೋಗುತ್ತದೆ ಎಂದೂ ಬರೆದಿದ್ದೀರಿ. ಆ ಭಯ ನನಗೂ ಇದೆ. ಹಾಗಾಗಿ ದುಡ್ಡು ನೇರವಾಗಿ ಆಯಾಗಳ ಸಂಬಳಕ್ಕೇ ಹೋಗಲಿ. ಒಬ್ಬರಿಗೆ ಎಷ್ಟು ಮಕ್ಕಳು ಎಂಬುದನ್ನು ಬಾಗಿಲ ಮೇಲೆ ದೊಡ್ಡದಾಗಿ ಬರೆದು ಹಾಕಲಿ. ಸಂಜೆ ಮಗುವನ್ನು ಕರೆದೊಯ್ಯಲು ಬರುವ ಅಪ್ಪ ಅಮ್ಮನೇ ಎಣಿಸಿ ನೋಡಬಹುದು.

— ಸಂಪಾದಕ