ಛೂ ಅನ್ನುವ ಮೊದಲು 'ಬಿಡು' ಕಲಿಯಲಿ

ಶಿರಸಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ಯಜಮಾನರು ವಾರದಲ್ಲಿ ನಾಲ್ಕು ದಿನ ಹುಬ್ಬಳ್ಳಿಯಲ್ಲಿರುತ್ತಾರೆ. ತೋಟದ ಒಂಟಿ ಮನೆಯಲ್ಲಿ ನಾನು, ಅತ್ತೆ, ಆರು ವರ್ಷದ ಮಗಳು. ಅಂಗಳದಲ್ಲಿ ಹರವಿದ ಅಡಿಕೆ ಎರಡು ಸಲ ಕಳುವಾದ ಮೇಲೆ ಜರ್ಮನ್ ಶೆಫರ್ಡ್ ಮರಿ ತಂದೆವು. ಈಗ ಹತ್ತು ತಿಂಗಳಾಯಿತು, ಬಂದವರಿಗೆಲ್ಲ ಬಾಲ ಅಲ್ಲಾಡಿಸುತ್ತದೆ. ಹಗಲೆಲ್ಲ ಕಟ್ಟಿಹಾಕಿ, ಆಗ ಜೋರಾಗುತ್ತದೆ ಎನ್ನುತ್ತಾರೆ ನೆರೆಯವರು. ತರಬೇತಿ ಕೊಡುವವರೊಬ್ಬರು, ಮೂವತ್ತು ದಿನ ನಮ್ಮಲ್ಲಿ ಬಿಡಿ, ಕಚ್ಚುವುದನ್ನು ಕಲಿಸಿ ಕಳಿಸುತ್ತೇವೆ ಅಂದಿದ್ದಾರೆ. ಯಾರ ಮಾತು ಕೇಳಲಿ?

ಇಬ್ಬರ ಮಾತೂ ಬೇಡಮ್ಮ.

ಕಟ್ಟಿಹಾಕುವ ವಿಷಯ ಮೊದಲು ಹೇಳುತ್ತೇನೆ, ಏಕೆಂದರೆ ಅದರ ಫಲವನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ನಾನು ಚಿಕ್ಕವನಿದ್ದಾಗ ಕೊಟ್ಟಿಗೆಯ ಕಂಬಕ್ಕೆ ಒಂದು ಕರಿ ನಾಯಿ ಕಟ್ಟಿರುತ್ತಿದ್ದೆವು. ಅದು ಸುತ್ತಿ ಸುತ್ತಿ ಚೈನು ಎಟುಕುವಷ್ಟು ದೂರ ನೆಲದಲ್ಲಿ ಹುಲ್ಲೇ ಹುಟ್ಟುತ್ತಿರಲಿಲ್ಲ. 'ಒಳ್ಳೇ ಜೋರು ನಾಯಿ' ಎಂದು ಊರವರು ಹೊಗಳಿದಾಗ ನಮಗೆ ಹೆಮ್ಮೆ. ಒಂದು ದಿನ ಕೊಂಡಿ ಕಳಚಿತು. ಅದು ಕಚ್ಚಿದ್ದು ಕಳ್ಳನನ್ನಲ್ಲ, ದಿನಾ ಮಜ್ಜಿಗೆಗೆ ಬರುತ್ತಿದ್ದ ಪಕ್ಕದ ಮನೆಯ ಹುಡುಗಿಯನ್ನು. ತಪ್ಪು ನಾಯಿಯದಾಗಿರಲಿಲ್ಲ, ನಮ್ಮದು. ಕಟ್ಟಿದ ನಾಯಿಗೆ ಹೆದರಿಕೆಯಾದರೆ ಓಡಲು ದಾರಿಯಿಲ್ಲ, ಉಳಿಯುವುದು ಹಲ್ಲೊಂದೇ. ಅಂಥ ಹೆದರಿಕೆಯನ್ನೇ ನಾವು ಧೈರ್ಯ ಎಂದು ತಿಳಿಯುತ್ತೇವೆ.

ಹಾಗಾಗಿ ನಿಮ್ಮ ನಾಯಿ ಬಾಲ ಅಲ್ಲಾಡಿಸುವುದಕ್ಕೆ ಬೇಸರಪಡಬೇಡಿ. ಹತ್ತು ತಿಂಗಳೆಂದರೆ ಅದಿನ್ನೂ ಹುಡುಗ. ಈ ತಳಿಯಲ್ಲಿ ಕಾವಲು ಬುದ್ಧಿ ಬಲಿಯಲು ಒಂದೂವರೆ, ಎರಡು ವರ್ಷವಾದರೂ ಬೇಕು. ಜನರನ್ನು ಕಂಡು ಹೆದರದ ನಾಯಿಗೇ ಮುಂದೆ ನೆಂಟ ಯಾರು, ಗೋಡೆ ಹಾರಿ ಬಂದವನು ಯಾರು ಎಂಬ ವ್ಯತ್ಯಾಸ ತಿಳಿಯುವುದು.

ಇನ್ನು ಮೂವತ್ತು ದಿನದ ಮಾತು. ಜರ್ಮನ್ ಶೆಫರ್ಡ್ ತಳಿಯ ಸಂಘ ಜರ್ಮನಿಯಲ್ಲಿ ಹುಟ್ಟಿದ್ದು 1899ರಲ್ಲಿ. ಈ ನಾಯಿಗಳ ಯೋಗ್ಯತೆ ಅಳೆಯಲು ಅಲ್ಲಿ ಬೆಳೆದುಬಂದ ಪರೀಕ್ಷೆಗೆ ಈಗ ಐಜಿಪಿ ಎಂದು ಹೆಸರು. ಜಾಡು ಹಿಡಿಯುವುದು, ಹೇಳಿದ ಮಾತು ಕೇಳುವುದು, ರಕ್ಷಣೆ ಎಂದು ಅದರಲ್ಲಿ ಮೂರು ಭಾಗ. 18 ತಿಂಗಳು ತುಂಬದ ನಾಯಿಗೆ ಮೊದಲ ಹಂತಕ್ಕೂ ಪ್ರವೇಶವಿಲ್ಲ. ಅದಕ್ಕೂ ಮುಂಚೆ ಜನರ ನಡುವೆ, ವಾಹನಗಳ ನಡುವೆ ಶಾಂತವಾಗಿ ನಡೆಯುತ್ತದೆಂದು ತೋರಿಸುವ ಬೇರೆಯದೇ ಒಂದು ಪರೀಕ್ಷೆ ಪಾಸಾಗಿರಬೇಕು. ರಕ್ಷಣೆಯ ಭಾಗದಲ್ಲೂ, ಅಡಗಿದವನನ್ನು ಹುಡುಕಿದ ನಾಯಿ ಅವನು ಸುಮ್ಮನೆ ನಿಂತಿದ್ದರೆ ಬೊಗಳಬೇಕೇ ಹೊರತು ಬಾಯಿ ಹಾಕುವಂತಿಲ್ಲ. ಕಚ್ಚಿ ಹಿಡಿದದ್ದನ್ನು ಮೂರು ಸಲ ಹೇಳಿದರೂ ಬಿಡದಿದ್ದರೆ ಅಲ್ಲಿಗೆ ಮುಗಿಯಿತು, ಹೊರಗೆ.

ಬೆಂಗಳೂರಿನ ಹೊರವಲಯದ ಒಂದು ಮೈದಾನದಲ್ಲಿ ಇದನ್ನು ಕಣ್ಣಾರೆ ನೋಡಿದೆ. ದಪ್ಪ ತೋಳುಕವಚ ತೊಟ್ಟವನ ಕೈಗೆ ಬೆಲ್ಜಿಯನ್ ಮ್ಯಾಲಿನಾಯ್ ತಳಿಯ ನಾಯಿಯೊಂದು ಜೋತುಬಿದ್ದಿತ್ತು. ಹಿಂಗಾಲು ನೆಲ ಬಿಟ್ಟಿದ್ದವು. ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಒಡತಿ ದನಿ ಏರಿಸದೆ ಒಂದೇ ಸಲ 'ಬಿಡು' ಅಂದಳು. ನಾಯಿ ಬಾಯಿ ತೆರೆದು ಕೆಳಗಿಳಿದು, ಅವನ ಮುಂದೆಯೇ ಕೂತಿತು. ಮೈಯೆಲ್ಲ ನಡುಗುತ್ತಿತ್ತು, ಕಣ್ಣು ಆ ತೋಳಿನ ಮೇಲೇ ಇತ್ತು, ಆದರೆ ಕದಲಲಿಲ್ಲ. ಆ ಒಂದು ಶಬ್ದದ ಹಿಂದೆ ಎರಡು ವರ್ಷದ ದುಡಿಮೆಯಿದೆ. ಛೂ ಎಂದು ಬಿಡುವುದು ಯಾರಿಗೂ ಬರುತ್ತದೆ. ಕರೆದರೆ ನಿಲ್ಲದ ನಾಯಿಗೆ ಕಚ್ಚುವುದನ್ನು ಕಲಿಸುವುದು ಬ್ರೇಕಿಲ್ಲದ ಗಾಡಿಯನ್ನು ಘಟ್ಟ ಇಳಿಸಿದಂತೆ, ಅದೂ ಆರು ವರ್ಷದ ಮಗುವಿರುವ ಮನೆಯಲ್ಲಿ.

ಇನ್ನೊಂದು ತೊಡಕೂ ಇದೆ. ಎಲ್ಲೋ ಬಿಟ್ಟು ಕಲಿಸಿದ ನಾಯಿ ಕಲಿಸಿದವನ ದನಿಗೆ ಬಗ್ಗುತ್ತದೆ, ನಿಮ್ಮ ದನಿಗಲ್ಲ. ನಿಮ್ಮನ್ನೂ ನಿಲ್ಲಿಸಿಕೊಂಡು, ನಿಮಗೂ ಕಲಿಸುವವರನ್ನು ಹುಡುಕಿ. ಅವರು ಪಳಗಿಸಿದ ನಾಯಿ ಹಿಡಿದದ್ದನ್ನು ಬಿಡುವುದನ್ನು ತೋರಿಸಲಿ. ಹೊಡೆತ, ಕರೆಂಟಿನ ಬೆಲ್ಟು ಕಂಡರೆ ನಾಯಿಯನ್ನು ಕರೆದುಕೊಂಡು ವಾಪಸು ಬನ್ನಿ.

ಕಾನೂನನ್ನೂ ಮರೆಯುವಂತಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತ್ತು, ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದುಮಾಡಿತು. ನಿಮ್ಮ ತಳಿ ಆ ಪಟ್ಟಿಯಲ್ಲೇ ಇರಲಿಲ್ಲ. ಆದರೆ ತಳಿ ಯಾವುದಿದ್ದರೂ, ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ನಿಜ ಹೇಳಬೇಕೆಂದರೆ ನಿಮಗೆ ಕಚ್ಚುವ ನಾಯಿ ಬೇಕಿಲ್ಲ, ಎಬ್ಬಿಸುವ ನಾಯಿ ಸಾಕು. ಅಡಿಕೆ ಕದಿಯುವವನಿಗೆ ಬೇಕಾದದ್ದು ಸದ್ದಿಲ್ಲದ ಅಂಗಳ. ನಾಯಿ ಬೊಗಳಿ, ಲೈಟು ಹತ್ತಿ, ನೀವು ಫೋನು ಹಿಡಿದರೆ ಅವನು ನಿಲ್ಲುವುದು ಕಷ್ಟ. ಕತ್ತಲಾದ ಮೇಲೆ ಅಂಗಳದಲ್ಲಿ ಮಾತ್ರ ಕಟ್ಟಬೇಡಿ, ನಿಮ್ಮ ಸೀಮೆಯಲ್ಲಿ ಚಿರತೆಗೆ ಅದು ಬಡಿಸಿಟ್ಟ ಊಟ. ಜಗುಲಿಯಲ್ಲಿ ಮಲಗಿಸಿ. ರೇಬೀಸ್ ಲಸಿಕೆ ವರ್ಷವರ್ಷವೂ ತಪ್ಪದಿರಲಿ. ಮಗಳನ್ನೂ ನಾಯಿಯನ್ನೂ ಇಬ್ಬರನ್ನೇ ಬಿಟ್ಟು ಹೋಗಬೇಡಿ. ಆಟಕ್ಕೂ ಯಾರೂ ಛೂ ಅನ್ನದಿರಲಿ.

ಇವತ್ತೇ ಶುರುಮಾಡಬಹುದಾದ ಪಾಠವೂ ಒಂದಿದೆ. ಹಳೇ ಟವೆಲ್ಲಿಗೆ ಗಂಟು ಹಾಕಿ ನಾಯಿಯ ಜೊತೆ ಎಳೆದಾಡಿ. ಸ್ವಲ್ಪ ಹೊತ್ತಿಗೆ ಎಳೆಯುವುದನ್ನು ನಿಲ್ಲಿಸಿ, ಕೈಯನ್ನು ಮೊಣಕಾಲಿಗೆ ಒತ್ತಿ ಹಿಡಿದು ಒಂದೇ ಸಲ 'ಬಿಡು' ಅನ್ನಿ, ಕಾಯಿರಿ. ಬಿಟ್ಟ ಕ್ಷಣವೇ ಶಭಾಷ್ ಎಂದು ಟವೆಲ್ಲನ್ನು ಮತ್ತೆ ಬಾಯಿಗೆ ಕೊಡಿ. ಬಿಟ್ಟರೆ ಆಟ ಮುಗಿಯುವುದಿಲ್ಲ ಎಂದು ಅದಕ್ಕೆ ಗೊತ್ತಾಗಬೇಕು. ದಿನಕ್ಕೆ ಐದು ನಿಮಿಷ ಸಾಕು. ನಿಮ್ಮ ಮಾತಿಗೆ ಬಿಡತೊಡಗಿದ ಮೇಲೆ ಅತ್ತೆಯವರ ಕೈಯಲ್ಲೂ ಅನ್ನಿಸಿ.