ಫ್ಯುಯೆಲ್ ಪಂಪ್ ರೀಕಾಲ್ ಬಂದಿದೆ, ಪಾರ್ಟ್ ಬಂದಿಲ್ಲ. ಗಾಡಿ ಘಟ್ಟ ಹತ್ತಿಸಬಹುದಾ?

ಪ್ರಶ್ನೆ: ನಾವು ಕುಮಟಾದವರು. ಮಾವನವರ ಹತ್ತಿರ ದುಬಾರಿ ಕಂಪನಿಯ ಪೆಟ್ರೋಲ್ ಎಸ್‌ಯುವಿ ಇದೆ. ಅದಕ್ಕೆ ಫ್ಯುಯೆಲ್ ಪಂಪ್ ರೀಕಾಲ್, ಅಂದರೆ ದೋಷ ಸರಿಮಾಡಲು ಗಾಡಿ ವಾಪಸ್ ತನ್ನಿ ಅಂತ, ಕಂಪನಿಯಿಂದ ಮೆಸೇಜ್ ಬಂತು. ಸರ್ವಿಸ್ ಸೆಂಟರ್ ಇರುವುದು ಗೋವಾದಲ್ಲಿ. ಕೇಳಿದಾಗಲೆಲ್ಲ "ಪಾರ್ಟ್ ಬಂದಿಲ್ಲ, ಬಂದಾಗ ಫೋನ್ ಮಾಡುತ್ತೇವೆ, ಅಲ್ಲಿಯವರೆಗೆ ಓಡಿಸಿ" ಅನ್ನುತ್ತಾರೆ. ತಿಂಗಳುಗಳೇ ಕಳೆದವು. ತೋಟದ ಕೆಲಸಕ್ಕೆ ಆಗಾಗ ಶಿರಸಿಗೆ ಹೋಗಲೇಬೇಕು. ಓಡಿಸಬಹುದಾ? ಯಾರನ್ನು ಹಿಡಿದು ಕೇಳಬೇಕು?

ಉತ್ತರ:

ಪೇಟೆ ಸುತ್ತ ಓಡಿಸಿ. ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತಿಸಬೇಡಿ. ಪಂಪ್ ಬದಲಾಗುವವರೆಗೆ ಶಿರಸಿಗೆ ಬಸ್ಸಿಗೆ ಹೋಗಿ, ಇಲ್ಲವಾದರೆ ಮನೆಯ ಬೇರೆ ಗಾಡಿ ತೆಗೆಯಿರಿ. ಹೆದ್ದಾರಿಯಲ್ಲೂ ರಾತ್ರಿ ಹೊತ್ತು, ಜೋರು ಮಳೆಯಲ್ಲಿ ಬೇಡ.

ನಾನು ಅಂಕೋಲಾದಲ್ಲಿ ಗ್ಯಾರೇಜ್ ನಡೆಸುತ್ತೇನೆ. ಇಂಥ ಗಾಡಿಗಳ ಸರ್ವಿಸ್ ನಮ್ಮ ಕೆಲಸ ಅಲ್ಲ. ಆದರೆ ಹೆದ್ದಾರಿಯಲ್ಲಿ ಕೈಕೊಟ್ಟ ಗಾಡಿ, ಅರಬೈಲು ಘಟ್ಟದಲ್ಲಿ ನಿಂತ ಗಾಡಿ ಮೊದಲು ಬರುವುದು ನಮ್ಮಂಥವರ ಅಂಗಳಕ್ಕೇ. ಕೋಟಿ ರೂಪಾಯಿ ಗಾಡಿಯನ್ನು ಲಾರಿಯವರ ಹಗ್ಗ ಕಟ್ಟಿ ಎಳೆತಂದದ್ದೂ ಉಂಟು.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ರೀಕಾಲ್ ಪಂಪ್ ನಿಂತುಹೋಗುವುದಕ್ಕಾ, ಪೆಟ್ರೋಲ್ ಸೋರುವುದಕ್ಕಾ? ಎರಡಕ್ಕೂ ಮೆಸೇಜಿನಲ್ಲಿ "ಫ್ಯುಯೆಲ್ ಪಂಪ್" ಅಂತಲೇ ಇರುತ್ತದೆ. 2017ರಲ್ಲಿ ಅಮೆರಿಕದಲ್ಲಿ ಪೋರ್ಷೆ ಮಕಾನ್ ಗಾಡಿಗಳನ್ನು ವಾಪಸ್ ಕರೆದದ್ದು ಟ್ಯಾಂಕಿನ ಮೇಲೆ ಪಂಪನ್ನು ಹಿಡಿದಿಡುವ ಮುಚ್ಚಳದಂಥ ಭಾಗ (ಫ್ಲ್ಯಾಂಜ್) ಬಿರುಕು ಬಿಟ್ಟು ಪೆಟ್ರೋಲ್ ಸೋರಬಹುದು ಅಂತ. ಅಂಥದ್ದಾದರೆ ನಾನು ಮೇಲೆ ಹೇಳಿದ್ದು ಲೆಕ್ಕಕ್ಕಿಲ್ಲ. ಗಾಡಿ ಮುಟ್ಟಬೇಡಿ, ಮನೆಗೆ ತಾಗಿದ ಶೆಡ್ಡಿನಲ್ಲೂ ನಿಲ್ಲಿಸಬೇಡಿ. ಹಿಂದಿನ ಸೀಟಿನ ಹತ್ತಿರ ಪೆಟ್ರೋಲ್ ವಾಸನೆ ಬಂದರೂ ಇದೇ ಮಾತು.

ಆದರೆ ಜಾಸ್ತಿ ಕಾಣುವುದು ಪಂಪ್ ನಿಲ್ಲುವ ತೊಂದರೆ. ನಿಮ್ಮದೂ ಅದೇ ಇರಬೇಕು ಅಂತ ಇಟ್ಟುಕೊಂಡು ಹೇಳುತ್ತೇನೆ.

ಇಂಥ ಗಾಡಿಗಳಲ್ಲಿ ಎರಡು ಪಂಪ್ ಇರುತ್ತವೆ. ಒಂದು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿರುವ ಕರೆಂಟ್ ಪಂಪ್. ಅದು ಸುಮಾರು 5-6 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಎಂಜಿನ್ ಕಡೆ ತಳ್ಳುತ್ತದೆ. ಇನ್ನೊಂದು ಎಂಜಿನ್ನಿನ ಮೇಲೆ ಕೂತಿರುತ್ತದೆ. ಅದು ಒತ್ತಡವನ್ನು 200 ಬಾರ್, ಹೊಸ ಗಾಡಿಗಳಲ್ಲಿ 350 ಬಾರ್ ತನಕ ಏರಿಸಿ ಇಂಜೆಕ್ಟರಿಗೆ ಕೊಡುತ್ತದೆ. ಕೆಳಗಿನದು ಕೊಡದಿದ್ದರೆ ಮೇಲಿನದು ಏನು ತಾನೇ ಮಾಡೀತು?

ಟ್ಯಾಂಕಿನೊಳಗಿನ ಪಂಪಿನಲ್ಲಿ ಇಂಪೆಲ್ಲರ್ ಅಂತ ಒಂದು ಪ್ಲಾಸ್ಟಿಕ್ ಚಕ್ರ ತಿರುಗುತ್ತದೆ. ಡೆನ್ಸೋ ಕಂಪನಿ ಮಾಡಿದ ಪಂಪುಗಳಲ್ಲಿ ಸಿಕ್ಕಿಬಿದ್ದದ್ದು ಇದೇ ಚಕ್ರ. ಪ್ಲಾಸ್ಟಿಕ್ ಸಾಂದ್ರತೆ ಕಡಿಮೆ ಇತ್ತು. ಮೇಲ್ಮೈಯಲ್ಲಿ ಸಣ್ಣ ಬಿರುಕು ಬಿಟ್ಟು, ಪೆಟ್ರೋಲ್ ಹೀರಿಕೊಂಡು ಉಬ್ಬುತ್ತಿತ್ತು. ಉಬ್ಬಿದ ಚಕ್ರ ಪಕ್ಕದ ಗೋಡೆಗೆ ಉಜ್ಜುತ್ತದೆ. ಮೊದಲು ಒತ್ತಡ ಕಡಿಮೆಯಾಗುತ್ತದೆ, ಆಮೇಲೆ ಪಂಪೇ ಸಿಕ್ಕಿಹಾಕಿಕೊಳ್ಳುತ್ತದೆ. ಈ ಪಂಪ್ ಹಾಕಿದ್ದ ಟೊಯೊಟಾ 2020ರ ಜನವರಿಯಲ್ಲಿ ಅಮೆರಿಕದಲ್ಲಿ ಸುಮಾರು 7 ಲಕ್ಷ ಗಾಡಿಗಳಿಂದ ರೀಕಾಲ್ ಶುರು ಮಾಡಿತು. ವರ್ಷ ಮುಗಿಯುವುದರೊಳಗೆ ಜಗತ್ತಿನಾದ್ಯಂತ ಲೆಕ್ಕ 58 ಲಕ್ಷ ದಾಟಿತು. ಟೊಯೊಟಾದ್ದೇ ದುಬಾರಿ ಬ್ರಾಂಡ್ ಲೆಕ್ಸಸ್ಸಿನ ಎಲ್‌ಎಕ್ಸ್ 570, ಜಿಎಕ್ಸ್ 460, ಆರ್‌ಎಕ್ಸ್ 350 ಎಲ್ಲ ಅದರೊಳಗಿದ್ದವು. ಬೆಲೆ ಜಾಸ್ತಿ ಕೊಟ್ಟವರಿಗೆ ಬೇರೆ ಪಂಪ್ ಅಂತ ಏನೂ ಇಲ್ಲ. ನಮ್ಮ ದೇಶದಲ್ಲೂ 2021ರ ಏಪ್ರಿಲ್‌ನಲ್ಲಿ ಹೋಂಡಾ 77,954 ಗಾಡಿಗಳನ್ನು ಇದೇ ಇಂಪೆಲ್ಲರ್ ದೋಷಕ್ಕೆ ವಾಪಸ್ ಕರೆಯಿತು. ಅವು ಹೆಚ್ಚಾಗಿ ಸಾಮಾನ್ಯರ ಕಾರುಗಳು.

ಈಗ ಘಟ್ಟದ ವಿಷಯ. ಬಲ ಕಳೆದುಕೊಂಡ ಪಂಪ್ ಬಯಲಲ್ಲಿ ಗೊತ್ತೇ ಆಗುವುದಿಲ್ಲ. ಹೊನ್ನಾವರಕ್ಕೆ ಹೋಗಿ ಬಂದರೆ "ಬೆಣ್ಣೆ ಹಾಗೆ ಓಡುತ್ತಿದೆ" ಅನಿಸುತ್ತದೆ. ಯಾಕೆಂದರೆ ಎಂಜಿನ್ ಕೇಳುವುದೇ ಸ್ವಲ್ಪ. ಘಟ್ಟದಲ್ಲಿ ಐದು ಜನ, ಎರಡು ಚೀಲ ಅಡಿಕೆ, ಎಸಿ ಹಾಕಿಕೊಂಡು ಲಾರಿ ಹಿಂದಿಕ್ಕಲು ಆಕ್ಸಿಲರೇಟರ್ ಒತ್ತುತ್ತೀರಿ ನೋಡಿ, ಆಗ ಎಂಜಿನ್ ಒಮ್ಮೆಲೇ ಪೆಟ್ರೋಲ್ ಕೇಳುತ್ತದೆ. ಪಂಪಿಗೆ ಕೊಡಲಾಗುವುದಿಲ್ಲ. ಗಾಡಿ ಮುಗ್ಗರಿಸುತ್ತದೆ, ಎಂಜಿನ್ ಲೈಟ್ ಉರಿಯುತ್ತದೆ, ಇಲ್ಲವೇ ಎಲ್ಲ ಬಂದ್. ನೀವು ಲಾರಿಯ ಪಕ್ಕದಲ್ಲಿ, ಎದುರು ತಿರುವು. ಅಲ್ಲಿ ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಘಟ್ಟದ ಮೇಲೆ ಹೋಗಲು ಯಾವ ದಾರಿ ಹಿಡಿದರೂ ಇದೇ ಕಥೆ. ದೇವಿಮನೆ ಬಿಟ್ಟರೆ ಅರಬೈಲು, ಅದು ಬಿಟ್ಟರೆ ಗೇರುಸೊಪ್ಪೆ ದಾರಿ.

ಸರ್ವಿಸ್ ಸೆಂಟರಿನವರು ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿ, ನಿಂತಲ್ಲೇ ಎಂಜಿನ್ ಓಡಿಸಿ (ಐಡಲ್‌ನಲ್ಲಿ) ಸ್ಕ್ಯಾನರ್ ಹಚ್ಚಿ "ಏನೂ ಪ್ರಾಬ್ಲಮ್ ಇಲ್ಲ ಸರ್" ಅನ್ನುವುದನ್ನು ಅದಕ್ಕೇ ನಂಬಬೇಡಿ. ಪರೀಕ್ಷೆ ಮಾಡುವುದಾದರೆ ಏರು ಹತ್ತಿಸುತ್ತಾ ಫ್ಯುಯೆಲ್ ಪ್ರೆಶರ್ ರೆಕಾರ್ಡ್ ಮಾಡಲಿ. ಎಷ್ಟು ಬೇಕಿತ್ತು, ಎಷ್ಟು ಬಂತು ಅಂತ ಎರಡೂ ಅಂಕಿ ಸ್ಕ್ಯಾನರಿನಲ್ಲಿ ಕಾಣುತ್ತವೆ. ಅದರ ಪ್ರಿಂಟ್ ತೆಗೆದುಕೊಳ್ಳಿ.

ಪೇಟೆಯಲ್ಲಿ ಓಡಿಸುವಾಗಲೂ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಪಂಪನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ. 2025ರ ಜುಲೈನಲ್ಲಿ ಫೋರ್ಡ್ ಅಮೆರಿಕದಲ್ಲಿ ಸುಮಾರು 8.5 ಲಕ್ಷ ಗಾಡಿಗಳಿಗೆ ಪಂಪ್ ರೀಕಾಲ್ ಹೊರಡಿಸಿತು. ಫೋರ್ಡಿನದೇ ಬ್ರಾಂಡ್ ಲಿಂಕನ್‌ನ ಏವಿಯೇಟರ್, ನ್ಯಾವಿಗೇಟರ್‌ನಂಥ ದುಬಾರಿ ಗಾಡಿಗಳೂ ಅದರಲ್ಲಿದ್ದವು. ಬಿಸಿಲು ಜಾಸ್ತಿ ಇದ್ದಾಗ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ ಕೈಕೊಡುವ ಸಾಧ್ಯತೆ ಹೆಚ್ಚು ಅಂತ ಅವರೇ ಹೇಳಿದ್ದರು. ನಮ್ಮ ಕರಾವಳಿಯ ಏಪ್ರಿಲ್, ಮೇ ಬಿಸಿಲು ನಿಮಗೆ ಹೇಳಬೇಕಾ?

ಅಕಸ್ಮಾತ್ ಓಡುತ್ತಿರುವಾಗಲೇ ಎಂಜಿನ್ ನಿಂತರೆ ನಾಲ್ಕೂ ಇಂಡಿಕೇಟರ್ ಹಾಕಿ, ಎಡಕ್ಕೆ ತನ್ನಿ. ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ನಿಂತ ಮೇಲೆ ಒಂದೆರಡು ಸಲ ಮಾತ್ರ ಬ್ರೇಕ್ ಹಗುರವಾಗಿ ಹಿಡಿಯುತ್ತದೆ, ಆಮೇಲೆ ಕಲ್ಲಾಗುತ್ತದೆ. ಹಾಗಾಗಿ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಡಿ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಸ್ವಲ್ಪ ಹೊತ್ತಾದ ಮೇಲೆ ಪಂಪ್ ತಣ್ಣಗಾಗಿ ಗಾಡಿ ಮತ್ತೆ ಸ್ಟಾರ್ಟ್ ಆಗಬಹುದು. ಆಯ್ತಲ್ಲ ಅಂತ ಮೇಲೆ ಹೋಗಬೇಡಿ.

ಪಾರ್ಟ್ ಯಾಕೆ ಬರುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಎಲ್ಲವೂ ಸೋಮಾರಿತನ ಅಲ್ಲ. ಅಮೆರಿಕದ ನಿಯಮದಲ್ಲಿ, ದೋಷ ಇದೆ ಅಂತ ಕಂಪನಿ ಸರ್ಕಾರಕ್ಕೆ ತಿಳಿಸಿದ 60 ದಿನದೊಳಗೆ ಮಾಲೀಕರಿಗೆ ಪತ್ರ ಹೋಗಬೇಕು, ರಿಪೇರಿ ತಯಾರಿರಲಿ ಬಿಡಲಿ. ಅದಕ್ಕೇ ಅಲ್ಲಿ ಎಷ್ಟೋ ಸಲ ಮೊದಲು ಎಚ್ಚರಿಕೆಯ ಪತ್ರ, ಪಾರ್ಟ್ ಬಂದ ಮೇಲೆ ಇನ್ನೊಂದು ಪತ್ರ. ಮೇಲೆ ಹೇಳಿದ ಫೋರ್ಡ್ ರೀಕಾಲ್ ಪ್ರಕಟವಾದಾಗ ರಿಪೇರಿ ಏನು ಅನ್ನುವುದೇ ಇನ್ನೂ ತಯಾರಾಗಿರಲಿಲ್ಲ. ಮತ್ತೆ ಲಕ್ಷಗಟ್ಟಲೆ ಪಂಪ್ ಹೊಸದಾಗಿ ಮಾಡಬೇಕಲ್ಲ, ಮಾಡುವವರು ಹೊಸ ಗಾಡಿಯ ಅಸೆಂಬ್ಲಿ ಲೈನಿಗೂ ಅದನ್ನೇ ಕೊಡಬೇಕು. ಇಷ್ಟನ್ನು ನಾನು ಒಪ್ಪುತ್ತೇನೆ. ಒಪ್ಪದಿರುವುದು "ಅಲ್ಲಿಯವರೆಗೆ ಓಡಿಸಿ" ಅನ್ನುವ ಮಾತನ್ನು. ಅದನ್ನು ಫೋನಿನಲ್ಲಿ ಹೇಳುವವರು ಕಾಗದದ ಮೇಲೆ ಬರೆದುಕೊಡುತ್ತಾರಾ?

ಕೇಳಿ ನೋಡಿ. ಫೋನ್ ಬಿಡಿ, ಇಮೇಲ್ ಹಾಕಿ. ಸರ್ವಿಸ್ ಸೆಂಟರಿಗೂ, ಕಂಪನಿಯ ಭಾರತದ ಕಸ್ಟಮರ್ ಕೇರಿಗೂ ಒಟ್ಟಿಗೆ. ಚಾಸಿ ನಂಬರ್, ಮೆಸೇಜ್ ಬಂದ ತಾರೀಖು, ಇದುವರೆಗೆ ಯಾವ ದಿನ ಕೇಳಿದಿರಿ, ಏನು ಉತ್ತರ ಬಂತು ಅನ್ನುವುದನ್ನು ಬರೆಯಿರಿ. ಆಮೇಲೆ ನೇರ ಪ್ರಶ್ನೆ: "ಈ ಗಾಡಿಯನ್ನು ಘಟ್ಟದ ರಸ್ತೆಯಲ್ಲಿ ಓಡಿಸುವುದು ಸುರಕ್ಷಿತವೇ, ಹೌದು ಅಥವಾ ಇಲ್ಲ ಎಂದು ತಿಳಿಸಿ. ಇಲ್ಲವಾದರೆ ಬದಲಿ ಗಾಡಿ ಕೊಡಿ. ಪಂಪ್ ಬಂದಾಗ ಗಾಡಿಯನ್ನು ಫ್ಲಾಟ್‌ಬೆಡ್‌ ಲಾರಿಯ ಮೇಲೆ ಹೇರಿಕೊಂಡು ನೀವೇ ಒಯ್ಯಿರಿ." ಇದು ಕೊಡಲೇಬೇಕು ಅಂತ ಕಾನೂನಿದೆ ಅಂತಲ್ಲ. ಆದರೆ ದುಬಾರಿ ಕಂಪನಿಗಳು ಕೇಳಿದವರಿಗೆ ಕೊಡುತ್ತವೆ, ಕೇಳದವರಿಗೆ ಸುಮ್ನೆ ಇರುತ್ತವೆ. ಇನ್ನೊಂದು, ಗೋವಾದಲ್ಲೇ ಕಾಯಬೇಕಾಗಿಲ್ಲ. ರೀಕಾಲ್ ಕೆಲಸವನ್ನು ಅದೇ ಕಂಪನಿಯ ಬೇರೆ ಡೀಲರ್ ಕೂಡ ಮಾಡುತ್ತಾರೆ. ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಎಲ್ಲಿದ್ದಾರೋ ಅಲ್ಲೆಲ್ಲ ವಿಚಾರಿಸಿ.

ಸಿದ್ದಾಪುರ ಕಡೆಯ ಒಬ್ಬರು ಮುಂಬೈಯಿಂದ ಸೆಕೆಂಡ್ ಹ್ಯಾಂಡ್ ಗಾಡಿ ತಂದಿದ್ದರು. ಅರಬೈಲಿನಲ್ಲಿ ನಿಂತು ನಮ್ಮಲ್ಲಿಗೆ ಬಂತು. ನೋಡಿದರೆ ಆ ಗಾಡಿಗೆ ಪಂಪ್ ರೀಕಾಲ್ ಬಾಕಿ ಇತ್ತು. ಪತ್ರ ಹೋಗಿದ್ದು ಮುಂಬೈಯ ಹಳೇ ಮಾಲೀಕರ ವಿಳಾಸಕ್ಕೆ. ಇವರಿಗೆ ಗೊತ್ತಾಗುವುದಾದರೂ ಹೇಗೆ? ಸರ್ವಿಸ್ ಸೆಂಟರಿನವರು ಮೊದಲು ಅಂದದ್ದು "ನಿಮ್ಮ ಕಡೆ ಪೆಟ್ರೋಲ್ ಸರಿ ಇಲ್ಲ" ಅಂತ. ಇವರು ಅಡಿಕೆ ವ್ಯಾಪಾರದವರು, ಪೆಟ್ರೋಲ್ ಹಾಕಿಸಿದ ಬಿಲ್ಲುಗಳನ್ನೆಲ್ಲ ಫೈಲ್ ಮಾಡಿ ಇಟ್ಟಿದ್ದರು. ಅದನ್ನು ಸ್ಕ್ಯಾನ್ ಮಾಡಿ ಕಂಪನಿಗೆ ಕಳಿಸಿದ ಮೇಲೆ ಪೆಟ್ರೋಲಿನ ಮಾತು ನಿಂತಿತು. ಪಂಪ್ ಬೇರೆ ಊರಿನ ಡೀಲರ್ ಹತ್ತಿರ ಇತ್ತಂತೆ! ನಿಮ್ಮ ಮಾವನವರದ್ದೂ ಸೆಕೆಂಡ್ ಹ್ಯಾಂಡ್ ಆಗಿದ್ದರೆ, ಇದೊಂದೇ ಅಲ್ಲ, ಬೇರೆ ಯಾವ ರೀಕಾಲ್ ಬಾಕಿ ಇದೆ ಅಂತ ಚಾಸಿ ನಂಬರ್ ಕೊಟ್ಟು ಕೇಳಿ. ಅಮೆರಿಕದ ಸುದ್ದಿ ಓದಿ "ನನ್ನದೂ ಅದೇ ಮಾಡೆಲ್" ಅಂತ ವಾದಿಸಿದರೆ ಪ್ರಯೋಜನ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಚಾಸಿ ನಂಬರ್ ಮಾತ್ರ.

ಪೆಟ್ರೋಲಿನ ಮೇಲೆ ನಿಮಗೇ ಸಂಶಯ ಇದ್ದರೆ ಬಂಕಿನಲ್ಲಿ ಫಿಲ್ಟರ್ ಪೇಪರ್ ಟೆಸ್ಟ್ ಕೇಳಿ, ಕಾಗದದ ಮೇಲೆ ಪೆಟ್ರೋಲ್ ಹನಿ ಹಾಕಿ ಕಲೆ ಉಳಿಯುತ್ತದಾ ಅಂತ ನೋಡುವುದು. ಮಾಡಿ ತೋರಿಸಲೇಬೇಕು.

ಕಾನೂನಿಗೆ ಬರೋಣ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಮಾಡಿ 110ಎ ಅನ್ನುವ ಕಲಂ ಸೇರಿಸಿದರು. ದೋಷ ಇರುವ ಗಾಡಿ ವಾಪಸ್ ಕರೆಯಿರಿ ಅಂತ ಕೇಂದ್ರ ಸರ್ಕಾರ ಕಂಪನಿಗೆ ಆದೇಶ ಕೊಡಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ, ಗಾಡಿ 7 ವರ್ಷದೊಳಗಿನದ್ದಾಗಿರಬೇಕು. ಕೇಂದ್ರ ಸಾರಿಗೆ ಸಚಿವಾಲಯದ ರೀಕಾಲ್ ಪೋರ್ಟಲಿನಲ್ಲಿ ಮಾಲೀಕರೇ ದೂರು ಹಾಕಬಹುದು. ಹಾಕಿ. ಆದರೆ ಈ ಕಾನೂನು ಹೆಚ್ಚಾಗಿ ಕಂಪನಿಯನ್ನು ರೀಕಾಲಿಗೆ ಒಪ್ಪಿಸುವುದಕ್ಕೆ ಇರುವುದು. ನಿಮ್ಮದು ಒಪ್ಪಿದ ಮೇಲೂ ಮಾಡದ ಕೇಸು. ಅದಕ್ಕೆ ಗ್ರಾಹಕ ಕಾಯ್ದೆಯೇ ಸರಿಯಾದ ದಾರಿ.

ಮೊದಲು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರು ಸಂಖ್ಯೆ ತೆಗೆದುಕೊಳ್ಳಿ. ಎಷ್ಟೋ ಕೇಸು ಅಲ್ಲೇ ಮುಗಿಯುತ್ತವೆ, ಕಂಪನಿಯ ಮೇಲಿನವರ ಕಣ್ಣಿಗೆ ಬೀಳುತ್ತದೆ ಅನ್ನುವ ಕಾರಣಕ್ಕೆ. ಆಗದಿದ್ದರೆ ಗ್ರಾಹಕ ಆಯೋಗ. ನೀವು ಇರುವ ಊರಿನ ಲೆಕ್ಕದಲ್ಲೇ ದೂರು ಹಾಕಬಹುದು, ಗೋವಾಕ್ಕೆ ಅಲೆಯಬೇಕಾಗಿಲ್ಲ. ಇಲ್ಲೊಂದು ತಮಾಷೆ ಇದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಕಾರವಾರದ ಜಿಲ್ಲಾ ಆಯೋಗದಲ್ಲೇ ಆಗುತ್ತದೆ. ಅದಕ್ಕಿಂತ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. ಎಂಟು ಲಕ್ಷದ ಕಾರಿನವನು ಕಾರವಾರದಲ್ಲಿ ಕೆಲಸ ಮುಗಿಸಿ ಊಟಕ್ಕೆ ಮನೆಗೆ ಬರುತ್ತಾನೆ, 50 ಲಕ್ಷ ದಾಟಿದ್ದರೆ ನಿಮ್ಮ ಮಾವನವರು ರಾಜ್ಯ ಆಯೋಗಕ್ಕೆ ವಕೀಲರನ್ನು ಹುಡುಕಬೇಕು. ಆನ್‌ಲೈನಿನಲ್ಲೇ ದೂರು ಸಲ್ಲಿಸಬಹುದು ಅನ್ನುವುದೊಂದು ಸಮಾಧಾನ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು, ಅದನ್ನು ಮರೆಯಬೇಡಿ.

ಪಂಪ್ ಕೊನೆಗೂ ಬಂದು ಹಾಕಿದಾಗ ಜಾಬ್ ಕಾರ್ಡಿನಲ್ಲಿ ರೀಕಾಲ್ ನಂಬರ್, ಹೊಸ ಪಾರ್ಟಿನ ನಂಬರ್ ಎರಡೂ ಬರೆಸಿಕೊಳ್ಳಿ. ಬರೀ "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ" ಅಂದರೆ, ಪಂಪ್ ಬದಲಾಯಿತಾ ಇಲ್ಲವಾ ಅಂತ ಬರವಣಿಗೆಯಲ್ಲೇ ಕೇಳಿ. ಹಿಂದೆ ಇದೇ ದೋಷಕ್ಕೆ ನೀವೇ ದುಡ್ಡು ಕೊಟ್ಟು ಏನಾದರೂ ಮಾಡಿಸಿದ್ದರೆ ಆ ಬಿಲ್ಲನ್ನೂ ಅದೇ ದಿನ ಕೊಟ್ಟು ವಾಪಸ್ ಕೇಳಿ. ಗೋವಾದಿಂದ ಬರುವಾಗ ಕಾಣಕೋಣ, ಕಾರವಾರ, ಅಂಕೋಲಾ ಮೇಲೆಯೇ ಬರುತ್ತೀರಲ್ವಾ, ನಮ್ಮಲ್ಲಿ ನಿಲ್ಲಿಸಿ. ಎಂಜಿನ್ ಬಿಸಿಯಾಗಿರುವಾಗಲೇ ಪ್ರೆಶರ್ ನೋಡಿ ಹೇಳುತ್ತೇನೆ.